ಗಿರಣಿ ಪಾಳಿಯಲ್ಲಿ ಕರೆಂಟ್ ಕಾರು

ಇನ್ನು ಈ ಜನ್ಮದಲ್ಲಿ ಪೆಟ್ರೋಲ್ ಬಂಕಿನ ಹೊಸ್ತಿಲು ತುಳಿಯುವುದಿಲ್ಲ ಎಂದು ನಾನು ಘೋಷಿಸಿದ್ದು ಯಾದಗಿರಿಯ ನಮ್ಮ ಕಚೇರಿಯ ಟಪಾಲು ವಿಭಾಗದಲ್ಲಿ, ಏಳು ಜನ ಸಹೋದ್ಯೋಗಿಗಳು ಮತ್ತು ಒಬ್ಬ ಚಹಾದವನ ಸಮ್ಮುಖದಲ್ಲಿ! ಹಿಂದಿನ ದಿನವಷ್ಟೇ ಕಲಬುರಗಿಯಿಂದ ಸೆಕೆಂಡ್ ಹ್ಯಾಂಡ್ ಕರೆಂಟ್ ಕಾರು ತಂದಿದ್ದೆ. ಎದೆ ಎರಡಂಗುಲ ಮುಂದೆ ಬಂದಿತ್ತು.

"ಎಲ್ಲಾ ಖರೆ ಬಾಲರಾಜ ಸಾಹೇಬ್ರ, ಆದ್ರ ನಮ್ಮ ಕಡೀಗಿ ಅದನ್ನ ಚಾರ್ಜ್ ಮಾಡೋದು ಎಲ್ಲಿರಿ?" ಎಂದು ಟಪಾಲಿನ ಗುರಣ್ಣ ಕೇಳಿದ.

ಇಂಥ ಅಜ್ಞಾನಿಗಳಿಗಾಗಿಯೇ ನಾನು ಮೊಬೈಲಿನಲ್ಲಿ ಆಪ್ ಇಳಿಸಿಕೊಂಡಿದ್ದೆ. ತೆರೆದು ತೋರಿಸಿದೆ. ಜಿಲ್ಲೆಯ ನಕ್ಷೆ, ಅದರ ಮೇಲೆ ಹಸಿರು ಚುಕ್ಕಿಗಳು. ಶಹಾಪುರ ಒಂದರಲ್ಲೇ ಮೂರು!

"ಗುರಣ್ಣ, ಇವು ಚುಕ್ಕಿ ಅಲ್ಲ. ಇದು ಭವಿಷ್ಯ!"

ಗುರಣ್ಣ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. "ಭವಿಷ್ಯ ಭಾಳ ಸಣ್ಣದು ಕಾಣಾಕತ್ತದ್ರಿ," ಎಂದ.

ಹೊಟ್ಟೆಕಿಚ್ಚು ಎಂದುಕೊಂಡೆ. ಕಾರು ತುಂಬ ಚಾರ್ಜ್ ಆದರೆ ನೂರ ನಲವತ್ತು ಕಿಲೋಮೀಟರ್ ಓಡುತ್ತದೆ ಎಂದು ಮಾರಿದವನು ಹೇಳಿದ್ದ. ಬೇಸಿಗೆ ಇರಬಾರದು, ಎಸಿ ಹಾಕಬಾರದು, ಒಬ್ಬನೇ ಕೂತಿರಬೇಕು, ರಸ್ತೆ ಇಳಿಜಾರಿರಬೇಕು ಎಂಬ ಸಣ್ಣಪುಟ್ಟ ಸಂಗತಿಗಳನ್ನು ಪಾಪ, ಹೇಳಲು ಮರೆತಿದ್ದ.

ಈಗ ಅಸಲು ಸಂಕಟಕ್ಕೆ ಬರುತ್ತೇನೆ. ನನ್ನ ಹೆಂಡತಿ ಭುವನೇಶ್ವರಿಗೆ ಒಬ್ಬಳೇ ತಂಗಿ, ಮೌನಿಕಾ. ಸುರಪುರದ ಆಚೆ ದೇವಾಪುರಕ್ಕೆ ಕೊಟ್ಟಿದೆ. ಚೊಚ್ಚಲ ಬಸುರಿ. ಏಳು ತಿಂಗಳು ತುಂಬಿ ಕುಬಸ ಗೊತ್ತಾಗಿತ್ತು. ಕುಬಸ ಎಂದರೆ ನಮ್ಮ ಕಡೆಯ ಸೀಮಂತ. ತವರಿನವರು ಹಸಿರು ಸೀರೆ, ಹಸಿರು ಬಳೆ, ಹೋಳಿಗೆ, ಕರ್ಜಿಕಾಯಿ, ಸಜ್ಜೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೋಗಬೇಕು. ತವರಿನ ಸೀರೆ ಉಟ್ಟುಕೊಂಡೇ ಬಸುರಿ ಹೆಂಗಸು ಆರತಿಗೆ ಕೂಡಬೇಕು. ಆದರೆ ಅಕ್ಕತಂಗಿಯರಿಗೆ ಅಪ್ಪ ಅವ್ವ ಇಬ್ಬರೂ ಇಲ್ಲ, ಅಣ್ಣತಮ್ಮಂದಿರೂ ಇಲ್ಲ. ಮೌನಿಕಾಳ ಪಾಲಿಗೆ ತವರು ಎಂದರೆ ಭುವನೇಶ್ವರಿ, ಅವಳ ಹಿಂದೆ ನಾನು.

ಮೌನಿಕಾಳ ಅತ್ತೆ ಅಯ್ಯಮ್ಮನವರು ವಾರ ಮೊದಲೇ ಫೋನು ಮಾಡಿದ್ದರು. "ಬುಧವಾರ ಹನ್ನೆರಡಕ್ಕ ರಾಹುಕಾಲ ಹತ್ತತದ. ಅಷ್ಟರಾಗ ತವರಿನ ಸೀರಿ ಬಂದ್ರ ಬರೋಬ್ಬರಿ. ಇಲ್ಲಂದ್ರ ನಮ್ಮ ಮನಿ ಸೀರೀನೇ ಉಡಿಸಿ ಕುಂದರಸ್ತೀವಿ. ತವರಿಲ್ಲದ ಹುಡುಗಿ, ಏನ್ ಮಾಡಾಕ ಬರ್ತದ?"

ಭುವನೇಶ್ವರಿ ಫೋನು ಕೆಳಗಿಟ್ಟು ಕ್ಯಾಲೆಂಡರಿನಲ್ಲಿ ಬುಧವಾರಕ್ಕೆ ಗುರುತು ಹಾಕಿದಳು. ಆಮೇಲೆ ಅಂದಳು: "ಏನರೆ ಆಗ್ಲಿ, ಹನ್ನೊಂದಕ್ಕ ನಾವು ಅಲ್ಲಿರಬೇಕು. ತವರಿಲ್ಲ ಅನ್ನೋ ಮಾತು ನನ್ನ ತಂಗಿ ಕಿವಿಗಿ ಬೀಳಬಾರದು."

"ಹನ್ನೊಂದಕ್ಯಾಕ, ಹತ್ತಕ್ಕ ಇರ್ತೀವಿ! ಅದೂ ಬಸ್ಸಿನಾಗಲ್ಲ, ಸ್ವಂತ ಕಾರಿನಾಗ!" ಎಂದು ನಾನು ತೊಡೆ ತಟ್ಟಿದೆ.

ಮಂಗಳವಾರ ಸಂಜೆ ಅವಳು ಕರ್ಜಿಕಾಯಿ ಕರಿಯುತ್ತಲೇ ಕೂಗಿದಳು. "ರೀ, ಕಾರು ಮನ್ಯಾಗೇ ಚಾರ್ಜಿಗಿ ಹಚ್ಚರಿ."

"ಎದಕ್ಕ? ಅರವತ್ತೆರಡು ಪರ್ಸೆಂಟ್ ಅದ. ಶಹಾಪುರದಾಗ ಮೂರು ಕಡಿ ಮಷೀನ್ ಅವ. ಚಹಾ ಕುಡಿಯೂದ್ರಾಗ ತುಂಬತದ. ಮೊದಲನೇ ಸಲ ಪುಕ್ಕಟಿ ಅಂತ ಆಪಿನಾಗ ಬರದಾರ!"

"ನಾಳಿ ಇರೂದು ನನ್ನ ತಂಗಿ ಕುಬಸರಿ, ನಿಮ್ಮ ಪುಕ್ಕಟಿದಲ್ಲ."

"ನಿನಗ ತಂತ್ರಜ್ಞಾನದ ಮ್ಯಾಲ ಭರೋಸಾನೇ ಇಲ್ಲ," ಎಂದು ನಾನು ಮಲಗಿಬಿಟ್ಟೆ.

ಬುಧವಾರ ಎಂಟೂವರೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಐದು ಸ್ಟೀಲ್ ಡಬ್ಬಿ, ಬಳೆಯ ಬುಟ್ಟಿ, ಹಸಿರು ಇಳಕಲ್ ಸೀರೆ. ಭೀಮಾ ಸೇತುವೆ ದಾಟುವಾಗ ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿತ್ತು. ಒಂದಿಷ್ಟೂ ಸದ್ದಿಲ್ಲ! ನಾನು ಹಾಡೊಂದನ್ನು ಗುನುಗಿದೆ. ಭುವನೇಶ್ವರಿ ಮಾತ್ರ ರಸ್ತೆ ನೋಡದೆ ಪರ್ಸೆಂಟ್ ನೋಡುತ್ತಿದ್ದಳು.

"ಅರವತ್ತೆರಡು ಇತ್ತಲ್ರಿ. ಇಷ್ಟರಾಗ ನಲವತ್ತೆಂಟು ಯಾಕಾತು?"

"ಅದು ಅಂದಾಜು."

"ಈಗ ನಲವತ್ತೊಂದು ಆತು."

"ಅದೂ ಅಂದಾಜೇ!"

"ಎಸಿ ಬಂದ್ ಮಾಡ್ರಿ."

ಮಾಡಿದೆ. ಮೇ ತಿಂಗಳ ಯಾದಗಿರಿ ಗಾಳಿ ಕಿಟಕಿಯಿಂದ ಒಳಗೆ ನುಗ್ಗಿತು. ಬೆಳಗ್ಗೆ ಒಂಬತ್ತಕ್ಕೇ ಒಲೆಯ ಮುಂದೆ ಕೂತ ಹಾಗಾಯಿತು. ಶಹಾಪುರ ಮುಟ್ಟಿದಾಗ ನಮ್ಮಿಬ್ಬರ ಮೈ ತೊಯ್ದಿತ್ತು, ಕಾರಿನಲ್ಲಿ ಇಪ್ಪತ್ತನಾಲ್ಕು ಪರ್ಸೆಂಟ್ ಉಳಿದಿತ್ತು.

ಮೊದಲನೇ ಚುಕ್ಕಿ ಒಂದು ಖಾನಾವಳಿಯ ಹಿತ್ತಲಲ್ಲಿತ್ತು. ಇತ್ತು, ಸುಳ್ಳಲ್ಲ! ಎತ್ತರದ ಬಿಳಿ ಮಷೀನು, ಕೊರಳಲ್ಲಿ ಒಣಗಿದ ಚೆಂಡುಹೂವಿನ ಮಾಲೆ, ಹಣೆಗೆ ಕುಂಕುಮ. ಅದರ ತಲೆಯ ಮೇಲೆ ಎರಡು ಒದ್ದೆ ಟವೆಲ್ ಹರವಿದ್ದರು. ನಾನು ಅದರ ಗುಂಡಿಗಳನ್ನೆಲ್ಲ ಒತ್ತಿದೆ. ಒಂದೂ ಮಿಣುಕಲಿಲ್ಲ.

ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳು ಒಳಗಿಂದಲೇ ಕೂಗಿದಳು. "ಅದು ಉದ್ಘಾಟನಿ ಆಗೇದ್ರಿ ಅಣ್ಣಾರ, ಕರೆಂಟ್ ಬರೂದು ಬಾಕಿ ಅದ."

"ಉದ್ಘಾಟನೆ ಯಾವಾಗ ಆತವ್ವಾ?"

"ಹ್ವಾದ ದಸರಾದಾಗ."

ಎರಡನೇ ಚುಕ್ಕಿಯಲ್ಲಿ ಕರೆಂಟಿತ್ತು. ದೀಪ ಉರಿಯುತ್ತಿತ್ತು. ಕಾವಲುಗಾರ ಎದ್ದು ಸಲಾಂ ಹೊಡೆದ. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ! ಮಷೀನಿನ ದಪ್ಪ ಪೈಪು ಎಳೆದು ಕಾರಿನ ಬಾಯಿಗೆ ಹಿಡಿದೆ. ಹೋಗಲಿಲ್ಲ. ಮೇಲೆ ಕೆಳಗೆ ಮಾಡಿದೆ, ತಿರುವಿದೆ, ಒತ್ತಿದೆ, ಕೊನೆಗೆ ದೇವರ ಹೆಸರು ಹೇಳಿ ಗುದ್ದಿದೆ.

"ಹೋಗಂಗಿಲ್ರಿ ಸಾಹೇಬ್ರ," ಎಂದ ಕಾವಲುಗಾರ ಶಾಂತವಾಗಿ. "ಇದು ಹೊಸ ಗಾಡಿಗಿ ಹತ್ತೂದು. ನಿಮ್ಮ ಹಳೇ ಗಾಡಿ ಬಾಯಿ ಬ್ಯಾರೆ ಅದ."

"ಇದನ್ನ ಮೊದಲೇ ಹೇಳಬೇಕಿಲ್ಲೋ ಮಾರಾಯಾ?"

"ನೀವು ಅಷ್ಟು ಖುಷಿಲೆ ಬಂದ್ರಿ. ಮನಸಾಗಲಿಲ್ಲ."

ಮೂರನೇ ಚುಕ್ಕಿಯ ಕಡೆ ಕಾರು ತಿರುಗಿಸಿದೆ. ಊರಿನ ಬೆಟ್ಟದ ಮೇಲೆ ಬುದ್ಧ ಮಲಗಿದಂತೆ ಕಾಣುತ್ತದಲ್ಲ, ಶಹಾಪುರದಲ್ಲಿ ಆ ಹೊತ್ತು ಸಮಾಧಾನವಾಗಿದ್ದವನು ಅವನೊಬ್ಬನೇ. ಆದರೆ ನೋಡಿ, ಮೂರನೇ ಮಷೀನು ಅಪ್ಪಟ ಬಂಗಾರ! ಕರೆಂಟಿತ್ತು, ಹಳೇ ಬಾಯಿಗೆ ಹೊಂದುವ ಪೈಪಿತ್ತು, ಮೇಲೆ ನೆರಳೂ ಇತ್ತು. ಆ ನೆರಳಿನಲ್ಲಿ ಒಂದು ಕೆಂಪು ಕಾರು ನಿಂತು ಅದೇ ಪೈಪನ್ನು ಬಾಯಲ್ಲಿಟ್ಟುಕೊಂಡಿತ್ತು. ಅದರ ಚಾರ್ಜು ಮುಗಿದು ಎಷ್ಟೋ ಹೊತ್ತಾಗಿತ್ತು. ಬಾಗಿಲು ಹಾಕಿದ್ದರಿಂದ ಪೈಪು ಬಿಡಿಸಲು ಬರುತ್ತಿರಲಿಲ್ಲ.

"ಇದರ ಮಾಲಕರು?"

ಪಕ್ಕದ ಪಂಚರ್ ಅಂಗಡಿಯವನು ಹೇಳಿದ: "ಕೋರ್ಟಿಗಿ ಹೋಗ್ಯಾರ್ರಿ. ತಾರೀಖ ಅದ."

"ಫೋನು?"

"ಕೋರ್ಟಿನಾಗ ಬಂದ್ ಮಾಡಿರ್ತಾರ್ರಿ."

"ಯಾವಾಗ ಬರ್ತಾರ?"

"ನ್ಯಾಯ ಸಿಕ್ಕ ಮ್ಯಾಲ."

ಹತ್ತು ಗಂಟೆ ಹತ್ತು ನಿಮಿಷ. ಎದುರಿಗೇ ಬಸ್ ನಿಲ್ದಾಣ. ಸುರಪುರದ ಬಸ್ಸು ಬಾಗಿಲು ತೆರೆದುಕೊಂಡು ನಿಂತಿತ್ತು. ಕಂಡಕ್ಟರ್ "ಸುರಪುರ, ಸುರಪುರ" ಎಂದು ಗಂಟಲು ಹರಿದುಕೊಳ್ಳುತ್ತಿದ್ದ.

"ಡಬ್ಬಿ ಇಳಸ್ರಿ. ಬಸ್ಸಿಗಿ ಹೋಗೂಣು," ಎಂದಳು ಭುವನೇಶ್ವರಿ.

ಇಲ್ಲಿ ನಾನು ನಿಮ್ಮ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ. ಆಗ ಆ ಬಸ್ಸು ಹತ್ತಿದ್ದರೆ ಹನ್ನೊಂದೂಕಾಲಕ್ಕೆಲ್ಲ ದೇವಾಪುರದಲ್ಲಿರುತ್ತಿದ್ದೆವು. ಆದರೆ ಕಾರು ತಂದ ಸುದ್ದಿಯನ್ನು ಅಯ್ಯಮ್ಮನವರಿಗೆ ನಾನೇ ಎರಡು ಸಲ ಫೋನು ಮಾಡಿ ಹೇಳಿದ್ದೆನಲ್ಲ! ಈಗ ಬಸ್ಸಿನಿಂದ ಡಬ್ಬಿ ಹೊತ್ತು ಇಳಿಯುವುದೆ? ನನ್ನ ಇಜ್ಜತ್ತು?

"ಹತ್ತೊಂಬತ್ತು ಪರ್ಸೆಂಟ್ ಅದ. ಸುರಪುರದ ಚುಕ್ಕಿ ಮುಟ್ಟತೀವಿ. ನೀ ಕೂಡು!"

ಅವಳು ಬಸ್ಸಿನ ಕಡೆ ಒಮ್ಮೆ ನೋಡಿ ಕಾರು ಹತ್ತಿದಳು. ಆ ನೋಟ ಈಗಲೂ ನನ್ನ ಊಟದ ಹೊತ್ತಿಗೆ ನೆನಪಾಗುತ್ತದೆ.

ಹತ್ತಿಗೂಡೂರು ಹತ್ತಿರವಾಗುತ್ತಿದ್ದಂತೆ ಕಾರಿನ ಮುಂಭಾಗದ ಪರದೆಯಲ್ಲಿ ಒಂದು ಹೊಸ ಚಿತ್ರ ಮೂಡಿತು. ಹಳದಿ ಬಣ್ಣದ ಆಮೆ!

"ಇದೇನ್ರಿ?"

"ಆಮೆ."

"ಕಾಣ್ತದ. ಯಾಕ ಬಂದದ?"

ಯಾಕೆ ಬಂತೆಂದು ಕಾರೇ ತೋರಿಸಿತು. ಎಷ್ಟು ಒತ್ತಿದರೂ ವೇಗ ಇಪ್ಪತ್ತು ದಾಟಲಿಲ್ಲ. ಕುರಿ ಕಾಯುವವನೊಬ್ಬ ನಮ್ಮ ಜೊತೆಜೊತೆಗೇ ನಡೆಯುತ್ತ ಕಿಟಕಿಯಲ್ಲಿ ಇಣುಕಿ, "ಗಾಡಿಗಿ ಆರಾಮಿಲ್ಲೇನ್ರಿ?" ಎಂದು ವಿಚಾರಿಸಿದ. ಅಷ್ಟರಲ್ಲಿ ರಸ್ತೆಯ ಪಕ್ಕ ಹಿಟ್ಟಿನ ಗಿರಣಿಯ ಸದ್ದು ಕೇಳಿಸಿತು. ಗಿರಣಿ ಇದ್ದಲ್ಲಿ ದೊಡ್ಡ ಕರೆಂಟ್ ಇದ್ದೇ ಇರುತ್ತದೆ! ಮೂರು ಪರ್ಸೆಂಟ್ ಇರುವಾಗ ಅದರ ಅಂಗಳಕ್ಕೆ ತಿರುಗಿಸಿದೆ.

ಗಿರಣಿಯ ಮಾಲಕ ಸುಲ್ತಾನಸಾಬರು ಹುಬ್ಬಿನ ತನಕ ಹಿಟ್ಟಾಗಿದ್ದರು. ನನ್ನ ಕೈಯಲ್ಲಿದ್ದ ವೈರು ನೋಡಿದರು, ಕಾರು ನೋಡಿದರು.

"ಪವರ್ ಪ್ಲಗ್ ಅದರಿ. ಆದ್ರ ಗಿರಣಿ ನಡದಾಗ ಅದರಾಗ ದಮ್ಮಿರಂಗಿಲ್ಲ. ಗಿರಣಿ ನಿಂದ್ರಸಬೇಕು."

"ನಿಂದ್ರಸ್ರಲ್ಲ ಮತ್ತ! ಅರ್ಜೆಂಟ್ ಅದ."

"ನನಗ ಫಿಕರಿಲ್ರಿ. ಇವರನ್ನ ಕೇಳ್ರಿ." ಅವರು ಕೈ ಮಾಡಿದ ಕಡೆ ಏಳೆಂಟು ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ಅವರ ಮುಂದೆ ಜೋಳ, ಸಜ್ಜೆಯ ಡಬ್ಬಿಗಳ ಸಾಲು. ಗಿರಣಿಯಲ್ಲಿ ಮನುಷ್ಯರು ಎಲ್ಲಾದರೂ ಕೂಡಬಹುದು, ಪಾಳಿ ಹಿಡಿಯುವುದು ಡಬ್ಬಿ. ಡಬ್ಬಿಯ ಪಾಳಿಯನ್ನು ಯಾರೂ ಮುರಿಯುವ ಹಾಗಿಲ್ಲ.

ಅವರಲ್ಲಿ ಹಿರಿಯಳಾದ ಕರೆಮ್ಮ ಎಂಬಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಡಬ್ಬಿ ಎಲ್ಲದರಿ?"

"ನಮ್ಮದು ಡಬ್ಬಿ ಅಲ್ಲಮ್ಮ, ಕಾರು."

"ಕಾರಿಗಿ ಪಾಳಿ ಇಲ್ಲ. ಡಬ್ಬಿ ಇದ್ರ ಹಚ್ಚರಿ. ಕರೆಂಟ್ ಒಂದಕ್ಕ ಹೋಗ್ತದ, ನಮ್ಮ ಮನ್ಯಾಗ ರೊಟ್ಟಿಗಿ ಹಿಟ್ಟಿಲ್ಲ."

ಡಬ್ಬಿ ತಾನೆ? ನನ್ನ ಬುದ್ಧಿ ಮಿಂಚಿನಂತೆ ಕೆಲಸ ಮಾಡಿತು! ಭುವನೇಶ್ವರಿ ನಲ್ಲಿಯ ಹತ್ತಿರ ಮುಖ ತೊಳೆಯಲು ಹೋಗಿದ್ದಳು. ಹಿಂದಿನ ಸೀಟಿನಿಂದ ದೊಡ್ಡದೊಂದು ಡಬ್ಬಿ ಎತ್ತಿ ತಂದೆ. ಹೆಂಗಸರು ಅತ್ತ ಹರಟೆಯಲ್ಲಿದ್ದಾಗ ಅದನ್ನು ಮೆಲ್ಲಗೆ ಸಾಲಿನ ಎರಡನೇ ಜಾಗಕ್ಕೆ ಸೇರಿಸಿ, ಏನೂ ಅರಿಯದವನಂತೆ ಆಕಾಶ ನೋಡುತ್ತ ನಿಂತೆ.

ಸುಲ್ತಾನಸಾಬರ ಕಣ್ಣಲ್ಲಿ ಹಿಟ್ಟು, ಕೈಯಲ್ಲಿ ರೂಢಿ. ಮೊದಲನೇ ಡಬ್ಬಿ ಮುಗಿಯಿತು. ನೋಡದೆಯೇ ಎರಡನೆಯದನ್ನು ಎತ್ತಿದರು, ಮುಚ್ಚಳ ತೆಗೆದರು, ಗಿರಣಿಯ ಬಾಯಿಗೆ ಬಗ್ಗಿಸಿದರು!

"ಅಯ್ಯಯ್ಯೋ! ನಿಂದ್ರಸ್ರಿ! ನಿಂದ್ರಸ್ರಿ!" ಎಂದು ನಾನು ಕಿರುಚಿದೆ. ನಾಲ್ಕು ಹೋಳಿಗೆ ಆಗಲೇ ಒಳಗೆ ಹೋಗಿದ್ದವು. ಗಿರಣಿ ಕೆಮ್ಮಿತು, ಗರಗರ ಎಂದಿತು, ಬೆಲ್ಲದ ವಾಸನೆ ಬಿಟ್ಟು ನಿಂತುಹೋಯಿತು. ಕರೆಮ್ಮ ಓಡಿಬಂದು ಡಬ್ಬಿಯೊಳಗೆ ನೋಡಿದಳು.

"ಏನ್ರಿ ಇದು? ಹೋಳಿಗಿ ಬೀಸಿಸಾಕ ಬಂದೀರೇನು?"

ಹೆಂಗಸರೆಲ್ಲ ಎದ್ದುಬಂದರು. ಒಬ್ಬೊಬ್ಬಳ ಬಾಯಿಂದಲೂ ನನ್ನ ವಂಶಕ್ಕೆ ಮಂಗಳಾರತಿ ಶುರುವಾಯಿತು. ಮುಖ ತೊಳೆದುಕೊಂಡು ಬಂದ ಭುವನೇಶ್ವರಿ ಆ ಡಬ್ಬಿಯನ್ನು ನೋಡಿದಳು. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಅಳತೊಡಗಿದಳು.

"ಕುಬಸದ ಹೋಳಿಗಿರೀ ಅವು... ಹನ್ನೆರಡರಾಗ ಹೋಗದಿದ್ರ ನನ್ನ ತಂಗಿಗಿ ತವರಿಲ್ಲ ಅಂತಾರ..."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಜನರೆದುರು ಅತ್ತಿದ್ದನ್ನು ನಾನು ನೋಡಿರಲಿಲ್ಲ. ನನಗೆ ನಿಂತಲ್ಲೇ ಗಿರಣಿಯೊಳಗೆ ಬೀಳಬೇಕೆನಿಸಿತು. ಅದೂ ನಿಂತುಹೋಗಿತ್ತಲ್ಲ!

ಕರೆಮ್ಮನ ದನಿ ಬದಲಾಯಿತು. "ಆ ಹುಡುಗಿಗಿ ಅವ್ವಿಲ್ಲೇನು ತಂಗಿ?"

"ಇಲ್ಲರಿ."

"ಯಾವೂರು?"

"ದೇವಾಪುರ."

"ಈ ಕಾರು ಚಾರ್ಜ್ ಆಗಾಕ ಎಷ್ಟೊತ್ತು ಬೇಕು, ಸಾಬಣ್ಣಾ?"

"ಎರಡು ತಾಸು ಅಂದ್ರೂ ಬೇಕವ್ವ," ಎಂದರು ಸುಲ್ತಾನಸಾಬರು.

"ಅಲ್ಲಿಗಿ ರಾಹುಕಾಲ ಮುಗದು ಊಟಾನೂ ಆಗಿರ್ತದ. ಅಮಾತೆಪ್ಪಾ! ಏ ಅಮಾತೆಪ್ಪಾ!"

ಬೇವಿನ ಗಿಡದ ಕೆಳಗೆ ಬೀಡಿ ಸೇದುತ್ತಿದ್ದ ಆಟೋದವನು ಎದ್ದು ಬಂದ. ದೇವಾಪುರದವನೇ. ಗಿರಣಿಗೆ ಹೊಸ ಬೆಲ್ಟ್ ತಂದುಕೊಟ್ಟು ಊರಿಗೆ ಹೊರಟಿದ್ದನಂತೆ. ಭುವನೇಶ್ವರಿ ಕಣ್ಣೊರೆಸಿಕೊಂಡು ಡಬ್ಬಿ, ಬುಟ್ಟಿ, ಸೀರೆಗಳನ್ನು ಆಟೋದೊಳಗೆ ಜೋಡಿಸಿದಳು. ಕರೆಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಒಬ್ಬಾಕಿನೇ ಹೋದ್ರ ಅದೇನ್ ತವರು? ಐದು ಮಂದಿ ಮುತ್ತೈದೇರು ಬೇಕು. ಏಳ್ರೇ! ಕೈಕಾಲು ತೊಳಕೋರಿ!"

ಕಟ್ಟೆಯ ಮೇಲಿಂದ ಇನ್ನೂ ಮೂವರು ಎದ್ದರು. ಸುಲ್ತಾನಸಾಬರ ಮನೆಯಿಂದ ಎಲೆ ಅಡಿಕೆ, ಐದು ತೆಂಗಿನಕಾಯಿ ಬಂದವು. "ನಮ್ಮ ಕಡಿಂದನೂ ಇರ್ಲಿ," ಎಂದರು ಅವರು.

ನಾನೂ ಆಟೋಕ್ಕೆ ಕಾಲಿಟ್ಟೆ.

"ಜಾಗ ಎಲ್ಲದ?" ಎಂದಳು ಭುವನೇಶ್ವರಿ. "ಹೋಳಿಗಿ ಇಳಸ್ಲೇನು?"

ನಾನು ಕಾಲು ತೆಗೆದೆ.

"ನಮ್ಮ ಜ್ವಾಳ ಬೀಸಿಸಿ ಇಡ್ರಿ," ಎಂದು ಕರೆಮ್ಮ ಕೂಗಿದಳು. "ಸಜ್ಜಿ ಬೀಸಿದ ಮ್ಯಾಲ ನಂದು ಹಾಕಬ್ಯಾಡ್ರಿ, ರೊಟ್ಟಿ ಕರ್ರಗಾಗ್ತಾವ!" ಹನ್ನೊಂದು ಗಂಟೆ ಐದು ನಿಮಿಷಕ್ಕೆ ತವರು ಆಟೋದಲ್ಲಿ ಹೊರಟುಹೋಯಿತು. ತವರಿನ ಯಜಮಾನ ನಾಲ್ಕು ಡಬ್ಬಿ ಜೋಳ ಕಾಯುತ್ತ ನಿಂತ.

ಮುಂದಿನ ಒಂದು ತಾಸನ್ನು ಹೇಗೆ ವರ್ಣಿಸಲಿ? ಗಿರಣಿಯ ಕಲ್ಲಿಗೆ ಅಂಟಿದ ಹೂರಣವನ್ನು ನಾನೇ ಚಾಕುವಿನಿಂದ ಕೆರೆದೆ. ಉಳಿದ ಹೆಂಗಸರು ನಿಂತು ಮೇಲ್ವಿಚಾರಣೆ ಮಾಡಿದರು. ಹಿಟ್ಟು ಹಿಡಿಯುವ ಚೀಲ ನನ್ನ ಕೈಗೆ ಬಂತು, ಅದರೊಳಗಿನ ಹಿಟ್ಟು ನನ್ನ ತಲೆಗೆ. ಪ್ರತಿ ಎರಡು ನಿಮಿಷಕ್ಕೆ ಗಡಿಯಾರ ನೋಡಿದೆ. ಹನ್ನೊಂದೂವರೆ. ಹನ್ನೊಂದೂ ಮುಕ್ಕಾಲು. ಹನ್ನೆರಡು. ಫೋನು ಹಚ್ಚಿದರೆ ಹತ್ತಲಿಲ್ಲ. ಆ ಗಡಿಬಿಡಿಯಲ್ಲಿ ಕರೆಮ್ಮನ ಜೋಳವನ್ನು ಸರಿಯಾಗಿ ಸಜ್ಜೆಯ ಹಿಂದೆಯೇ ಹಾಕಿಸಿಬಿಟ್ಟೆ.

ಹನ್ನೆರಡೂ ಇಪ್ಪತ್ತಕ್ಕೆ ಭುವನೇಶ್ವರಿಯ ಫೋನು ಬಂತು. ಆ ಕಡೆಯಿಂದ ಬರೀ ಬಿಕ್ಕುವ ಸದ್ದು.

"ತಡಾ ಆತೇನು? ಭುವನಾ, ನಂದೇ ತಪ್ಪು. ನೀ ಅಳಬ್ಯಾಡ!"

"ಹತ್ತು ನಿಮಿಷ ಮೊದಲೇ ಮುಟ್ಟಿದ್ವಿರಿ," ಎಂದಳು ಮೂಗೆಳೆಯುತ್ತ. "ಅಯ್ಯಮ್ಮನವ್ರು ತಮ್ಮ ಮನಿ ಸೀರಿ ತಾಟಿನಾಗ ಇಟಗೊಂಡು ತಯಾರಾಗೇ ನಿಂತಿದ್ರು. ಕರೆಮ್ಮಕ್ಕ ಬಾಗಲದಾಗ ನಿಂತು, ತವರಿನವರು ಬಂದೇವಿ, ದಾರಿ ಬಿಡ್ರಿ ಅಂದಳು. ಮೌನಿಕಾ ಕರೆಮ್ಮಕ್ಕನ ಮಾರಿ ಎಂದೂ ನೋಡಿಲ್ಲ. ಆದ್ರೂ ಆಕಿ ಕೊರಳಿಗಿ ಬಿದ್ದು ಅತ್ತುಬಿಟ್ಟಳ್ರಿ..."

ನಾನೂ ಅತ್ತೆ. ಹಿಟ್ಟಿನ ಮುಖದ ಮೇಲೆ ಕಣ್ಣೀರು ಬಿದ್ದರೆ ಏನಾಗುತ್ತದೆಂದು ಸುಲ್ತಾನಸಾಬರು ಕನ್ನಡಿ ತಂದು ತೋರಿಸಿದರು.

ಒಂದು ಗಂಟೆಗೆ ತ್ರೀ ಫೇಸ್ ಹೋಗಿ ಗಿರಣಿ ನಿಂತ ಮೇಲೆ, ಮನೆ ದೀಪಕ್ಕೆಂದು ಉಳಿದ ಬಡಪಾಯಿ ಕರೆಂಟಿನಲ್ಲಿ ನನ್ನ ಕಾರು ನಾಲ್ಕರ ತನಕ ಗುಟುಕು ಗುಟುಕಾಗಿ ಕುಡಿಯಿತು. ತಲೆತುಂಬ ಹಿಟ್ಟಿನೊಂದಿಗೇ ದೇವಾಪುರ ಮುಟ್ಟಿದಾಗ ಐದು. ಹಂದರದ ಕೆಳಗೆ ಊಟ ಮುಗಿಸಿದ ಗಂಡಸರು ಎಲೆ ಅಡಿಕೆ ಮೆಲ್ಲುತ್ತಿದ್ದರು. ಹಸಿರು ಸೀರೆಯ ಮೌನಿಕಾ ಕರೆಮ್ಮನ ಪಕ್ಕದಲ್ಲಿ ಒರಗಿ ಕೂತಿದ್ದಳು. ಬಾಗಿಲಲ್ಲಿ ಅಯ್ಯಮ್ಮನವರು ನನ್ನನ್ನು ತಡೆದರು.

"ಯಾರಪಾ? ಹಿಟ್ಟು ಹಿಂದ್ಲ ಬಾಗಲಕ್ಕ ಇಳಸು."

"ಅವ್ರು ನಮ್ಮ ಮನಿಯವ್ರುರಿ," ಎಂದಳು ಭುವನೇಶ್ವರಿ ನೆಲ ನೋಡುತ್ತ.

ತವರಿನ ಗಂಡಸಿಗೆ ಕೊಡುವ ಆಯೇರಿಯ ಹೊಸ ಧೋತರ, ರುಮಾಲು ಆಗಲೇ ಅಮಾತೆಪ್ಪನ ಮೈಮೇಲಿದ್ದವು. ಸಾಲಂಕೃತನಾಗಿ, ಫಳಾರದ ತಟ್ಟೆ ಮುಂದಿಟ್ಟುಕೊಂಡು ನಡುವಿನ ಕುರ್ಚಿಯಲ್ಲಿ ಕೂತಿದ್ದ. ನನಗೆ ತಡೆಯಲಾಗಲಿಲ್ಲ. ಗಂಡಸರ ಮುಂದೆ ನಿಂತು ಭಾಷಣವನ್ನೇ ಶುರುಮಾಡಿದೆ.

"ನನ್ನ ತಪ್ಪೇನದರಿ ಇದರಾಗ? ಒಂದು ಕಡಿ ಉದ್ಘಾಟನಿ ಆಗೇದ, ಕರೆಂಟಿಲ್ಲ. ಒಂದು ಕಡಿ ಪೈಪ್ ಹೋಗಂಗಿಲ್ಲ. ಇನ್ನೊಂದು ಕಡಿ ಕೋರ್ಟಿನ ತಾರೀಖು! ಇಂಥಾ ನಾಡಿನಾಗ ಕರೆಂಟ್ ಗಾಡಿ ಹೆಂಗ ಓಡಬೇಕ್ರಿ? ಯಾರರೆ ಓಡಿಸಿ ತೋರಿಸ್ರಿ ನೋಡೂಣು!"

ಅಮಾತೆಪ್ಪ ಎದ್ದು ನಿಂತು ರುಮಾಲು ಸರಿಮಾಡಿಕೊಂಡ.

"ನನ್ನ ಆಟೋನೂ ಕರೆಂಟಿಂದೇ ಅದರಿ, ಸಾಹೇಬ್ರ," ಎಂದ ಸಂಕೋಚದಿಂದ. "ಎರಡು ವರ್ಷಾತು. ದಿನಾ ಮನ್ಯಾಗೇ ಚಾರ್ಜಿಗಿ ಹಚ್ಚಿ ಮಲಗ್ತೀನ್ರಿ."

ಭುವನೇಶ್ವರಿ ನನ್ನ ಕಡೆ ತಿರುಗಿದಳು. ಶಹಾಪುರದಲ್ಲಿ ಬಸ್ಸಿನ ಕಡೆ ನೋಡಿದ್ದ ಅದೇ ನೋಟ!

ಅಷ್ಟರಲ್ಲಿ ಅಯ್ಯಮ್ಮನವರು ಮುಂದೆ ಬಂದರು. ಇಷ್ಟು ದಿನ ತವರಿಲ್ಲ ತವರಿಲ್ಲ ಎನ್ನುತ್ತಿದ್ದ ಆ ಹಿರಿಯ ಜೀವ ಅಮಾತೆಪ್ಪನ ತಟ್ಟೆಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿ, ತುಂಬಿದ ಮನಸ್ಸಿನಿಂದ ಹೇಳಿದರು:

"ಕೂಸಿನ ತೊಟ್ಟಿಲಕ್ಕೂ ತವರಿನವರನ್ನ ನೀನೇ ಕರಕೊಂಡು ಬಾರಪಾ ಅಮಾತೆಪ್ಪ. ಡಬ್ಬಿ ಇಟ್ಟು ಜಾಗ ಉಳದ್ರ, ಇವರನ್ನೂ ಕುಂದರಿಸ್ಕೊಂಡು ಬಾ."